ಮೂಡಲ ಗೋಲು

ಮೂವತ್ತೊಂದು ವರ್ಷ ನಾನು ಫುಟ್‌ಬಾಲ್ ಬಗ್ಗೆ ಬರೆದೆ. ಆಫ್‌ಸೈಡ್ ಎಂದರೆ ಏನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪತ್ರಿಕೆಗಳಿಗೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, "ಸರ್, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಎದುರಿಗೆ ಫೋನು ಇಟ್ಟು ರೆಕಾರ್ಡಿಂಗ್ ಒತ್ತುತ್ತಾರೆ. ನಾನು ಗಂಟಲು ಸರಿಪಡಿಸಿಕೊಂಡು ಪತ್ರಿಕಾಧರ್ಮ, ಸಾಮಾಜಿಕ ಹೊಣೆ ಎಂದೆಲ್ಲ ದೊಡ್ಡ ಮಾತಾಡಿ ಚಹಾ ಕುಡಿಸಿ ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಒಳಗಿನಿಂದಲೇ ಕೇಳುತ್ತಾಳೆ: "ಹೋಳಿಗಿ ಊಟದ ವಿಷಯ ಹೇಳಿದ್ರ್ಯಾ?" ಹೇಳಿರುವುದಿಲ್ಲ. ಅದನ್ನು ಈಗ ಬರೆದುಬಿಡುತ್ತೇನೆ.

ನನ್ನ ಹೆಸರು ಕೊಟ್ರೇಶ. ಕೊಟ್ಟೂರಿನ ಸಂತೆಯಲ್ಲಿ ನಿಂತು ಈ ಹೆಸರು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಹಾಗಾಗಿ ಹೆಸರಿನಿಂದ ಪ್ರಸಿದ್ಧನಾಗುವ ಆಸೆ ನನಗೆ ಮೊದಲಿನಿಂದಲೂ ಇರಲಿಲ್ಲ. ನಮ್ಮ ವಾರಪತ್ರಿಕೆಯ ಹೆಸರು 'ಊರಕಣ್ಣು'. ನಾಲ್ಕು ಪುಟ, ಪ್ರತಿ ಸೋಮವಾರ. ಅದರ ಮಾಲೀಕರೂ ಸಂಪಾದಕರೂ ಚನ್ನವೀರಪ್ಪನವರು. ಹತ್ತಿ ವ್ಯಾಪಾರದ ಮನೆತನದವರಾದ್ದರಿಂದ ಊರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು. ನಾನು ಸೇರಿದ್ದು ಮೊಳೆ ಜೋಡಿಸುವ ಕೆಲಸಕ್ಕೆ. ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಸಾಲು ಕಟ್ಟುತ್ತಿದ್ದೆವು. ಸುಳ್ಳು ಬರೆಯಬೇಕೆಂದರೂ ಅರ್ಧ ದಿನ ಹಿಡಿಯುತ್ತಿತ್ತು, ಅಷ್ಟರೊಳಗೆ ಬೇಸರವಾಗಿ ಬಿಟ್ಟುಬಿಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಎಲ್ಲವೂ ಸಲೀಸಾಯಿತು. ನಾನು ಉಪಸಂಪಾದಕನಾದದ್ದು, ಇದ್ದ ಒಬ್ಬ ಉಪಸಂಪಾದಕ ಕೆಲಸ ಬಿಟ್ಟು ಪೆಟ್ರೋಲ್ ಬಂಕು ಸೇರಿದ ಕಾರಣಕ್ಕೆ. ಬಡ್ತಿಯ ಕತೆ ಅಷ್ಟೇ.

ಈ ಸೀಮೆಯಲ್ಲಿ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹಡಗಲಿಯವರು ವಾಲಿಬಾಲ್ ಆಡುತ್ತಾರೆ, ಕೂಡ್ಲಿಗಿಯವರು ಕಬಡ್ಡಿಯಲ್ಲಿ ಗಟ್ಟಿ, ಹಗರಿಬೊಮ್ಮನಹಳ್ಳಿಯವರಿಗೆ ಕ್ರಿಕೆಟ್ ಹುಚ್ಚು. ಕೊಟ್ಟೂರಿಗೆ ಒಬ್ಬ ಡ್ರಿಲ್ ಮಾಸ್ತರು ಎಲ್ಲಿಂದಲೋ ವರ್ಗವಾಗಿ ಬಂದು ಈ ಚೆಂಡು ತಂದರು. ನಾಲ್ಕು ವರ್ಷಕ್ಕೆ ಹರಪನಹಳ್ಳಿಗೆ ವರ್ಗವಾಗಿ ಹೋಗಿ ಅಲ್ಲಿಯೂ ಅದೇ ಕೆಲಸ ಮಾಡಿದರು. ಆಮೇಲೆ ನಿವೃತ್ತರಾದರು. ಹೀಗಾಗಿ ಸುತ್ತ ಐದು ತಾಲ್ಲೂಕಿನಲ್ಲಿ ಫುಟ್‌ಬಾಲ್ ಆಡುವ ಊರು ಎರಡೇ ಉಳಿದವು. ನಮಗೆ ಅವರು ಬಿಟ್ಟರೆ ಎದುರಾಳಿ ಇಲ್ಲ, ಅವರಿಗೆ ನಾವು ಬಿಟ್ಟರೆ ಗತಿ ಇಲ್ಲ. ವರ್ಷಕ್ಕೊಂದು ಪಂದ್ಯ. ಎರಡೇ ದೇಶ ಆಡುವ ವಿಶ್ವಕಪ್ಪು ಅದು, ಸೋತರೂ ಎರಡನೇ ಸ್ಥಾನ ಖಾತ್ರಿ.

ದೇಶ ಎಂದದ್ದು ಸುಮ್ಮನೆ ಅಲ್ಲ. ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದಾಗ ಸಾವ್ಕಾರ್ರು ನನ್ನನ್ನು ಕರೆದು, "ಕೊಟ್ರೇಶ, ಇನ್ನ ಅವರು ಪರದೇಶದವರು. ಅದಕ್ಕ ತಕ್ಕಂಗ ಬರಿ" ಎಂದರು. ನಾನು 'ರಾಯಭಾರಿ' ಎಂಬ ಹೆಸರಿನಲ್ಲಿ 'ವಿದೇಶ ವಾರ್ತೆ' ಎಂಬ ಅಂಕಣ ಶುರು ಮಾಡಿದೆ. ನೆರೆಯ ದೇಶದಲ್ಲಿ ನಲ್ಲಿ ನೀರು ಬಂದರೆ ರಾಷ್ಟ್ರೀಯ ರಜೆ, ನೆರೆಯ ದೇಶದ ಗಡಿಯಲ್ಲಿ ನಮ್ಮ ಎಮ್ಮೆಯೊಂದರ ಬಂಧನ, ಇಂಥವು. ಅವರ ಪತ್ರಿಕೆ 'ಗಡಿಕಲ್ಲು'. ಅದರ ಸಂಪಾದಕ ಹಾಲೇಶಪ್ಪ ಪುಸ್ತಕದ ಅಂಗಡಿ ಇಟ್ಟಿದ್ದವರು, ಕೈ ಬಹಳ ಚುರುಕು. ನಮ್ಮ ಊರು ಅಷ್ಟು ದೊಡ್ಡದಾದರೂ ಆಗ ತಾಲ್ಲೂಕು ಆಗಿರಲಿಲ್ಲ, ಒಂದು ದಾಖಲೆ ಬೇಕೆಂದರೂ ಕೂಡ್ಲಿಗಿಗೆ ಬಸ್ ಹತ್ತಬೇಕಿತ್ತು. ಅವರು ಬರೆದರು: "ಕೊಟ್ಟೂರು ಎಂಬ ದೇಶ ನಮ್ಮ ಮೇಲೆ ಯುದ್ಧ ಸಾರಲು ನಿರ್ಧರಿಸಿದೆ. ಅರ್ಜಿ ಕೂಡ್ಲಿಗಿಯಲ್ಲಿ ಸಹಿಗಾಗಿ ಕಾಯುತ್ತಿದೆ." ಓದಿ ನನಗೆ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆಯ ಮಾತು ನನಗೆ ಹೊಳೆದಿರಲಿಲ್ಲ.

ಹೊಟ್ಟೆಕಿಚ್ಚಿನಲ್ಲಿ ನಾನೊಂದು ವೀಸಾ ಅರ್ಜಿ ಅಚ್ಚು ಮಾಡಿದೆ. ಹರಪನಹಳ್ಳಿಗೆ ಹೋಗುವವರು ತುಂಬಿ, ಫೋಟೋ ಅಂಟಿಸಿ, ನಮ್ಮ ಕಚೇರಿಗೆ ತರಬೇಕು ಎಂದು ಕೆಳಗೆ ಬರೆದೆ. ಮೂರನೇ ದಿನ ಹಳ್ಳಿಯ ಹಿರಿಯರೊಬ್ಬರು ಅದನ್ನು ಕತ್ತರಿಸಿ, ತುಂಬಿಸಿ, ಫೋಟೋ ಸಮೇತ ತಂದರು. ಪ್ರವಾಸದ ಉದ್ದೇಶ ಎಂಬಲ್ಲಿ 'ಮೊಮ್ಮಗನ ಹೆಸರಿಡೋದು' ಎಂದೂ, ಹಿಂತಿರುಗುವ ದಿನ ಎಂಬಲ್ಲಿ 'ಬೀಗರು ಬಿಟ್ಟಾಗ' ಎಂದೂ ಇತ್ತು. ನಾನು ನಗು ತಡೆಯಲು ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದೆ. ಸಾವ್ಕಾರ್ರು ಮಾತ್ರ ನಗಲಿಲ್ಲ. ಪತ್ರಿಕೆಯ ಸೀಲು ತೆಗೆದು ಅರ್ಜಿಯ ಮೇಲೆ ಒತ್ತಿ, "ಹೋಗಿ ಬರ್ರಿ ಯಜಮಾನ್ರ, ಯಾರೂ ತಡಿಯಂಗಿಲ್ಲ" ಎಂದು ಕೈಮುಗಿದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಬರ್ದಿದ್ದನ್ನ ಎಲ್ಲಾರೂ ನಗಾಕ ಓದ್ತಾರಂತ ತಿಳ್ಕೊಂಡೀಯೇನಲೇ? ಅಚ್ಚಾದ ಮ್ಯಾಲ ಅದು ಸುದ್ದಿ."

ನಾನು ತಲೆಯಾಡಿಸಿದೆ. ಒಂದು ವಾರದಲ್ಲಿ ಮರೆತೆ.

ಎರಡು ಪತ್ರಿಕೆಗಳ ನಡುವೆ ಒಂದು ಕಟ್ಟಲೆ ಇತ್ತು. ಪಂದ್ಯದಲ್ಲಿ ಸೋತ ಊರಿನ ಪತ್ರಿಕೆ, ಗೆದ್ದ ಊರಿನವರು ಬರೆದ ವರದಿಯನ್ನು ತನ್ನ ಮುಖಪುಟದಲ್ಲಿ ಒಂದಕ್ಷರವೂ ಬದಲಿಸದೆ ಹಾಕಬೇಕು. ಪಂದ್ಯ ಶನಿವಾರ. ಗೆದ್ದವರು ಭಾನುವಾರ ಬೆಳಿಗ್ಗೆ ಬರಹವನ್ನು ಸಹಿ ಮಾಡಿ, ಲಕೋಟೆಯಲ್ಲಿ ಹಾಕಿ, ಬಸ್ ಚಾಲಕನ ಕೈಯಲ್ಲಿ ಕಳಿಸಬೇಕು. ಇಮೇಲ್ ಬಂದ ಮೇಲೂ ಹಾಲೇಶಪ್ಪ ಸಹಿ ಇಲ್ಲದ ಬರಹ ಒಪ್ಪುತ್ತಿರಲಿಲ್ಲ. ನಾವು ಸೋತ ವರ್ಷಗಳಲ್ಲಿ ಅವರು ನಮ್ಮನ್ನು ಬೈದದ್ದನ್ನು ನಾನೇ ಪ್ರೂಫ್ ತಿದ್ದಿ ನಮ್ಮ ಮುಖಪುಟದಲ್ಲಿ ಕೂರಿಸಿದ್ದೇನೆ. ಅಂಥ ವರ್ಷಗಳೇ ಹೆಚ್ಚು.

ಈಗ ಮೈಲಾರಪ್ಪನ ವಿಷಯ. ಅವನು ಹರಪನಹಳ್ಳಿ ತಂಡದ ಗೋಲ್ ಕೀಪರ್. ಊರು ಬಾಗಳಿ. ಖಾಸಗಿ ಬಸ್ಸೊಂದರಲ್ಲಿ ಚಾಲಕ, ಹರಪನಹಳ್ಳಿಯಿಂದ ಕೊಟ್ಟೂರಿಗೆ ದಿನದ ಮೊದಲ ಟ್ರಿಪ್ಪು ಅವನದೇ. ನಮ್ಮ ಲಕೋಟೆಗಳನ್ನು ಸಾಗಿಸುತ್ತಿದ್ದವನೂ ಅವನೇ. ಮಾತು ಕಡಿಮೆ. ಆ ವರ್ಷ ಪಂದ್ಯ ನಮ್ಮ ಹೈಸ್ಕೂಲ್ ಮೈದಾನದಲ್ಲಿತ್ತು. ಅದೇ ಶನಿವಾರ ಹೊಸಹಳ್ಳಿಯಲ್ಲಿ ನನ್ನ ಷಡ್ಡಕನ ಹೊಸ ಮನೆಯ ಗೃಹಪ್ರವೇಶವಿತ್ತು. ಬೇಳೆ ಹೋಳಿಗೆ, ಅದರ ಮೇಲೆ ತುಪ್ಪ. ನಾಲ್ಕು ಹೋಳಿಗೆಯವರೆಗೂ ನನಗೆ ಪಂದ್ಯದ ನೆನಪಿತ್ತು. ಆಮೇಲೆ ಹೊಸ ಮನೆಯ ತಂಪು ನೆಲದ ಮೇಲೆ ಒರಗಿದೆ. ಎದ್ದಾಗ ಪಂದ್ಯ ಮುಗಿದಿತ್ತು. ಇದು ಮೊದಲ ಸಲವೂ ಆಗಿರಲಿಲ್ಲ, ಎಂದಿಟ್ಟುಕೊಳ್ಳಿ.

ನಮ್ಮ ತಂಡದ ನಾಯಕ ಬಸವರಾಜನಿಗೆ ಫೋನು ಹಚ್ಚಿದೆ. ಅವನಿಗೆ ಗೊಬ್ಬರದ ಅಂಗಡಿ ಇದೆ, ಮಾತು ಜೋರು.

"ಗೆದ್ವಿ ಸರ್! ಮೂರು ಗೋಲು. ಮೂರೂ ಸೆಕೆಂಡ್ ಹಾಫ್‌ನ್ಯಾಗ. ಆ ಕೀಪರ್‌ಗೆ ಚೆಂಡೇ ಕಾಣ್ಲಿಲ್ರಿ."

"ಕಾಣ್ಲಿಲ್ಲ ಅಂದ್ರ?"

"ಕಾಣ್ಲಿಲ್ಲ ಅಂದ್ರ ಕಾಣ್ಲಿಲ್ರಿ. ಸುಮ್ನ ನಿಂತಿದ್ದ."

ಯಾಕೆ ಕಾಣಲಿಲ್ಲ ಎಂದು ಕೇಳುವುದು ವರದಿಗಾರನ ಕೆಲಸ. ನನ್ನ ಬಾಯಲ್ಲಿ ಎಲೆ ಅಡಿಕೆ ಇತ್ತು, ಕೇಳಲಿಲ್ಲ. ಸಂಜೆ ಮನೆಗೆ ಬಂದು ಮೈದಾನದ ಕಟ್ಟೆಯ ಮೇಲೆ ಕೂತು ನೋಡಿದವನಂತೆಯೇ ಬರೆದೆ. ಕೊನೆಯ ಸಾಲು ಹೀಗಿತ್ತು: "ಎದುರು ಬಂದ ಚೆಂಡು ಕಾಣದ ಈ ಮಹನೀಯರೇ ಎರಡು ದೇಶಗಳ ನಡುವೆ ದಿನಾ ಬಸ್ ಓಡಿಸುತ್ತಾರೆ. ಪ್ರಯಾಣಿಕರು ಟಿಕೆಟ್ಟಿನ ಜೊತೆ ಮನೆದೇವರಿಗೊಂದು ಹರಕೆ ಹೊತ್ತು ಹತ್ತುವುದು ಕ್ಷೇಮ." ಬರೆದು ನಾನೇ ಎರಡು ಸಲ ಓದಿ ನಕ್ಕೆ. ಕಡೆಗೂ ಹಾಲೇಶಪ್ಪನನ್ನು ಹೊಡೆದೆ ಎನಿಸಿತು. ಸೋಮವಾರ ಅದು ಎರಡೂ ಊರಿನಲ್ಲಿ ಬಂತು.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಮಡಚಿದ 'ಗಡಿಕಲ್ಲು'. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನಾನು ಕರಿಬಸಮ್ಮ. ಮೈಲಾರಪ್ಪನ ಮನೆಯೋಳು. ಇದನ್ನ ಬರೆದೋರು ನೀವೇನ್ರಿ?"

ಹೌದೆಂದೆ. ಇನ್ನೂ ನನಗೆ ಅಂದಾಜು ಹತ್ತಿರಲಿಲ್ಲ. ಯಾರೋ ಹೊಗಳಲು ಬಂದರೇನೋ ಎಂಬ ಆಸೆ ಮೂಲೆಯಲ್ಲಿ ಇದ್ದೇ ಇರುತ್ತದೆ.

"ಅವ್ರನ್ನ ಗಾಡಿ ಮೇಲಿಂದ ಇಳಿಸ್ಯಾರೆ. ಈಗ ಸ್ಟ್ಯಾಂಡಿನಾಗೆ ನಿಂತು ಕೊಟ್ಟೂರು ಕೊಟ್ಟೂರು ಅಂತ ಜನರನ್ನ ಕರೆಯೋ ಕೆಲಸ. ನಿಮ್ಮೂರ ಹೆಸರು ಕೂಗಿ ಕೂಗಿ ಗಂಟಲು ಬಿದ್ದೈತೆ."

"ಯಾಕ್ರಿ? ಅದು ತಮಾಷಿಗೆ ಬರ್ದದ್ದು."

"ಹತ್ತೋರೆಲ್ಲ ಡ್ರೈವರ್‌ಗೆ ಕಣ್ಣು ಕಾಣ್ತಾವೇನು ಅಂತ ಕೇಳಾಕೆ ಹತ್ತಿದ್ರು. ಮೊದ್ಲು ನಕ್ಕೋತ ಕೇಳಿದ್ರು, ಆಮೇಲೆ ನಿಜವಾಗ್ಲೂ ಕೇಳಿದ್ರು. ನಿಮ್ಮ ಪೇಪರ್‌ನಾಗೆ ಅಷ್ಟೇ ಬಂದಿದ್ರೆ ಕೊಟ್ಟೂರೋರು ಹಂಗೇ ಅಂತ ಬಿಡ್ತಿದ್ರು. ನಮ್ಮೂರ ಪೇಪರ್‌ನಾಗೇ ಬಂತಲ್ರೀ."

ಕಣ್ಣಿನ ಡಾಕ್ಟರರಿಗೆ ತೋರಿಸಿದಿರಾ ಎಂದೆ. ತೋರಿಸಿದ್ದರು. ಕಣ್ಣು ಚೆನ್ನಾಗಿವೆ ಎಂದು ಬರೆಸಿಕೊಂಡೂ ಬಂದಿದ್ದರು. ಬಸ್ಸಿನ ಮಾಲೀಕರು ಆ ಚೀಟಿ ನೋಡಿ ಹಿಂದಕ್ಕೆ ಕೊಟ್ಟಿದ್ದರಂತೆ.

"ಡಾಕ್ಟ್ರು ಬರೆದದ್ದನ್ನ ನಾನೊಬ್ಬ ಓದ್ತೀನಿ, ಪೇಪರ್‌ನಾಗೆ ಬಂದದ್ದನ್ನ ಊರು ಓದೈತೆ ಅಂದ್ರು. ಇರ್ಲಿ. ಒಂದು ಮಾತು ಕೇಳ್ತೀನಿ. ಆವತ್ತು ಅವರು ಮೂಡಲ ಗೋಲಿನಾಗೆ ನಿಂತಿದ್ರು. ಹೊತ್ತು ಮುಳುಗೋ ಹೊತ್ತು, ಬಿಸಿಲು ಸೀದಾ ಕಣ್ಣಿಗೆ. ನೀವು ಮ್ಯಾಚ್ ನೋಡಿದ್ರ್ಯಾ?"

"ನೋಡಿದ್ದೆ" ಎಂದೆ.

"ನೋಡಿನೂ ಹಿಂಗೆ ಬರೆದ್ರ್ಯಾ?" ಎಂದಳು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. "ಆ ಲಕೋಟೆ ತಂದುಕೊಟ್ಟೋರೂ ಅವರೇ" ಎಂಬ ಮಾತು ಬಾಗಿಲ ಆಚೆಯಿಂದ ಬಂತು.

ಮೈದಾನ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಅದರ ಗೋಲುಕಂಬಗಳು ಪೂರ್ವ ಪಶ್ಚಿಮ ಇವೆ ಎಂಬುದನ್ನು ನಾನು ಆ ಸಂಜೆ ಹೋಗಿ ನೋಡಿಕೊಂಡು ಬಂದೆ. ಅಲ್ಲಿ ಎಮ್ಮೆ ಮೇಯಿಸುವವರಿಗೂ ಈ ವಿಷಯ ತಿಳಿದಿತ್ತು. ಪಡುವಣಕ್ಕೆ ಒಂದು ಗಿಡವಿಲ್ಲ. ಟಾಸ್ ಗೆದ್ದರೆ ಎರಡನೇ ಅರ್ಧದಲ್ಲಿ ಎದುರಾಳಿಯ ಕೀಪರ್ ಮೂಡಲ ಗೋಲಿಗೆ ಬರುವಂತೆ ಕೇಳಿಕೊಳ್ಳುವುದು ನಮ್ಮವರ ಹಳೆಯ ಉಪಾಯವಂತೆ. ನಮ್ಮ ಕೀಪರ್ ಯಾವಾಗಲೂ ಉದ್ದ ತುದಿಯ ಟೋಪಿ ಹಾಕುತ್ತಿದ್ದ. ಅವನ ಟೋಪಿ ಶೋಕಿಯ ಬಗ್ಗೆ ನಾನು ಎರಡು ಸಲ ಅಂಕಣ ಬರೆದಿದ್ದೆ.

ಮರುದಿನ ಸಾವ್ಕಾರ್ರಿಗೆ ಹೇಳಿದೆ, ಹೋಳಿಗೆಯ ಭಾಗ ಬಿಟ್ಟು. ತಪ್ಪಾಯಿತೆಂದು ಹಾಕೋಣ ಎಂದೆ.

"ನಮ್ಮ ಪತ್ರಿಕಿಯೊಳಗ ಹಾಕಿದ್ರ ಹರಪನಹಳ್ಳ್ಯಾಗ ಯಾರು ಓದ್ತಾರಲೇ? ಹಾಲೇಶಪ್ಪನ ಹಂತೇಲಿ ಹೋಗು. ಫೋನ್ ಮಾಡಬ್ಯಾಡ, ಹೋಗು" ಎಂದರು.

ಹೋದೆ. ಹದಿನೈದು ವರ್ಷ ಬೈದಾಡಿಕೊಂಡ ಮನುಷ್ಯನನ್ನು ಮೊದಲ ಸಲ ನೋಡಿದೆ. ದಪ್ಪ ಆಳು ಎಂದುಕೊಂಡಿದ್ದೆ, ಕಡ್ಡಿಯಂತಿದ್ದರು. ಅವರು ನನ್ನನ್ನು ಎತ್ತರದವನೆಂದು ಭಾವಿಸಿದ್ದರಂತೆ. ಇಬ್ಬರಿಗೂ ಸ್ವಲ್ಪ ನಿರಾಸೆಯಾಯಿತು. ನನ್ನ ಕ್ಷಮಾಪಣೆಯನ್ನು ಓದಿ ಅಲ್ಲೇ ಪುಸ್ತಕಗಳ ಮೇಲಿಟ್ಟರು.

"ಇದು ನಡೆಯಂಗಿಲ್ಲ ಕೊಟ್ರೇಶಪ್ಪ. ಜನ ಇದನ್ನೂ ನಿಮ್ಮ ಇನ್ನೊಂದು ತಮಾಷೆ ಅಂತಾರೆ. ರಾಯಭಾರಿ ಯಾವತ್ತಾದ್ರೂ ನೆಟ್ಟಗೆ ಬರೆದಿದ್ದು ಐತಾ?"

ನಿಜ. ಹದಿನೈದು ವರ್ಷ ನಗಿಸಿದವನ ಮಾತು ಅಳುವಾಗಲೂ ನಗೆಯೇ. ಅದು ನನಗೆ ಆವತ್ತು ತಿಳಿಯಿತು. ಹಾಲೇಶಪ್ಪ ಚಹಾ ತರಿಸಿದರು. ಅವರ ಮುಖವೂ ಚೆನ್ನಾಗಿರಲಿಲ್ಲ.

"ಬರೆದವರು ನೀವು, ಹಾಕಿದವನು ನಾನು. ಕಟ್ಟಲೆ ಅಂದ್ಕಂಡು ಕಣ್ಮುಚ್ಚಿ ಹಾಕಿದೆ. ಮಾತಿನಾಗೆ ಆಗಿದ್ದು ಮಾತಿನಾಗೆ ಸರಿಹೋಗಲ್ಲ. ಒಂದು ಕೆಲಸ ಮಾಡಿ. ಅದೇ ಗೋಲು, ಅದೇ ಹೊತ್ತು. ನೀವು ನಿಂತ್ಕಳ್ಳಿ. ಮೈಲಾರಪ್ಪ ಹತ್ತು ಚೆಂಡು ಒದೀತಾನೆ. ಎರಡು ಪೇಪರ್‌ನಾಗೂ ಜಾಹೀರು ಮಾಡಾಣ. ಸೋತೋರ ಪೇಪರ್‌ನಾಗೆ ಗೆದ್ದೋರ ಬರಹ."

"ಬಸ್ಸಿನ ಮಾಲೀಕರು ಬರ್ತಾರೇನ್ರಿ?"

"ನೀವು ಬೀಳೋದನ್ನ ನೋಡಾಕೆ ಊರೇ ಬರ್ತೈತೆ. ಅವರು ಬರಲ್ವಾ?"

ನನಗೆ ಆಗ ಐವತ್ನಾಲ್ಕು. ಅಳಿಯನ ಕ್ಯಾನ್ವಾಸ್ ಬೂಟು ಕೇಳಿ ಪಡೆದೆ, ಅದು ಎರಡು ಅಳತೆ ದೊಡ್ಡದು. ಶನಿವಾರ ಐದೂವರೆಗೆ ಮೈದಾನಕ್ಕೆ ಹೋದರೆ ಅಸಲಿ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ. ಹರಪನಹಳ್ಳಿಯಿಂದ ಎರಡು ಬಸ್ಸು ತುಂಬಿ ಬಂದಿದ್ದರು. ಒಗ್ಗರಣೆ ಮಂಡಕ್ಕಿ ಮಾರುವವನು ಗೋಲಿನ ಪಕ್ಕದಲ್ಲೇ ಒಲೆ ಹೂಡಿದ್ದ. ಬಸ್ಸಿನ ಮಾಲೀಕರು ಬಿಳಿ ಅಂಗಿ ಹಾಕಿಕೊಂಡು ಸಾವ್ಕಾರ್ರ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕರಿಬಸಮ್ಮ ಹೆಂಗಸರ ಗುಂಪಿನಲ್ಲಿ ಮುಂದೆಯೇ ನಿಂತಿದ್ದಳು. ಮೈಲಾರಪ್ಪ ನನ್ನ ಕಡೆ ನೋಡದೆ ಚೆಂಡು ಇಟ್ಟ.

ಮೊದಲ ಚೆಂಡು ಬಂದದ್ದು ನನಗೆ ಗೊತ್ತಾಗಿದ್ದು ಹಿಂದೆ ಬಲೆ ಅಲ್ಲಾಡಿದಾಗ. ಎದುರಿಗೆ ಬೆಳಕು ಬಿಟ್ಟರೆ ಏನೂ ಇರಲಿಲ್ಲ. ಮೈಲಾರಪ್ಪನೂ ಇಲ್ಲ, ಜನರೂ ಇಲ್ಲ, ಚೆಂಡೂ ಇಲ್ಲ. ಒದ್ದ ಸದ್ದು ಕೇಳಿ ಒಂದು ಕಡೆ ಬೀಳುವುದು, ಚೆಂಡು ಇನ್ನೊಂದು ಕಡೆಯಿಂದ ಹೋಗುವುದು. ನಾಲ್ಕನೆಯದಕ್ಕೆ ಬಲಗಾಲಿನ ಬೂಟು ಹಾರಿ ಚೆಂಡಿಗಿಂತ ಮೊದಲು ಬಲೆ ಸೇರಿತು. "ರಾಯಭಾರಿ, ವೀಸಾ ಐತೇನ್ರಿ?" ಎಂದು ಯಾರೋ ಕೂಗಿದರು, ಮೈದಾನವೇ ನಕ್ಕಿತು. ಏಳನೆಯ ಚೆಂಡನ್ನು ನಾನು ತಡೆದೆ. ತಡೆದದ್ದು ಹೊಟ್ಟೆ. ಉಸಿರು ಕಟ್ಟಿ ಕೂತುಬಿಟ್ಟೆ. ಆ ಕೂತ ಜಾಗದಲ್ಲಿ, ಕಣ್ಣು ಕುಕ್ಕುವ ಬೆಳಕಿನಲ್ಲಿ ಇದ್ದಾಗ ನಾಚಿಕೆಯಾಯಿತು. ಚೆಂಡು ಕಾಣದ್ದಕ್ಕಲ್ಲ. ಈ ಮನುಷ್ಯ ಇಲ್ಲಿ ಹೀಗೆ ಮೂರು ಗೋಲು ಬಿಟ್ಟುಕೊಟ್ಟು ಏನೂ ಸಬೂಬು ಹೇಳದೆ ಮರುದಿನ ನನ್ನ ಲಕೋಟೆ ಹೊತ್ತೊಯ್ದನಲ್ಲ, ಅದಕ್ಕೆ.

ಒಂಬತ್ತು ಗೋಲಾದವು. ನಾನು ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದಾಗ ಬಸ್ಸಿನ ಮಾಲೀಕರು ಕುರ್ಚಿಯಿಂದ ಎದ್ದು ಬಂದರು. "ಸರೀರಿ ಸ್ವಲ್ಪ" ಎಂದು ನನ್ನ ಜಾಗದಲ್ಲಿ ತಾವೇ ನಿಂತರು. ಪಡುವಣಕ್ಕೆ ಮುಖ ಮಾಡಿ, ಹುಬ್ಬಿನ ಮೇಲೆ ಕೈ ಇಟ್ಟು ನೋಡಿದರು.

"ಮೈಲಾರಿ, ಎಲ್ಲಿದ್ದೀಯೋ?"

"ಇಲ್ಲೇ ನಿಮ್ಮ ಎದುರಿಗೇ ಇದ್ದೀನ್ರೀ" ಎಂದ ಮೈಲಾರಪ್ಪ. ಹತ್ತು ಹೆಜ್ಜೆ ದೂರದಲ್ಲಿದ್ದ.

ಮಾಲೀಕರು ಕೈ ಇಳಿಸಿದರು. "ನಾಳೆ ಬೆಳಿಗ್ಗೆ ಗಾಡಿ ನೀನೇ ತೆಗಿ" ಎಂದರು. ಕರಿಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮಂಡಕ್ಕಿಯವನ ಕಡೆ ನಡೆದಳು.

ಸೋಮವಾರ ನಮ್ಮ ಮುಖಪುಟದಲ್ಲಿ ಹಾಲೇಶಪ್ಪನ ವರದಿ ಬಂತು: "ಕೊಟ್ಟೂರಿನ ಪತ್ರಿಕಾರಂಗವು ಹತ್ತರಲ್ಲಿ ಒಂದನ್ನು ಹಿಡಿದಿದೆ. ಅದೂ ಹೊಟ್ಟೆಪಾಡಿಗಾಗಿ." ಪ್ರೂಫ್ ತಿದ್ದಿದವನು ನಾನೇ. ಒಂದಕ್ಷರ ಬದಲಿಸಲಿಲ್ಲ. ಈ ಸಲ ಹೊಟ್ಟೆ ಉರಿಯಲಿಲ್ಲ, ಉರಿಯಲು ಅಲ್ಲಿ ಜಾಗವಿರಲಿಲ್ಲ, ಚೆಂಡು ಬಿದ್ದ ನೋವೇ ತುಂಬಿತ್ತು.

ಕೆಲಸ ಮುಗಿಯಿತು ಎಂದುಕೊಂಡೆ. ಆದರೆ 'ನೋಡಿದ್ದೆ' ಎಂದು ಕರಿಬಸಮ್ಮನಿಗೆ ಹೇಳಿದ ಮಾತು ಒಳಗೇ ಕೂತಿತ್ತು. ಮುಂದಿನ ವಾರ ಹರಪನಹಳ್ಳಿಯ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಚಾಲಕನ ಪಕ್ಕದ ಸೀಟಿನಲ್ಲಿ ಕೂತೆ. ಬರೆದವನೇ ಧೈರ್ಯವಾಗಿ ಕೂತಿದ್ದಾನೆ ಎಂದು ಜನ ನೋಡಲಿ ಎಂಬುದು ನನ್ನ ಲೆಕ್ಕ. ಬಸ್ಸು ತುಂಬಿತ್ತು. ಊರು ದಾಟಿದ ಕೂಡಲೇ ಹೊತ್ತು ಹುಟ್ಟಿತು, ಸೀದಾ ಗಾಜಿಗೆ. ನಾನು ಕಣ್ಣು ಮುಚ್ಚಿಕೊಂಡೆ. ಮೈಲಾರಪ್ಪ ಕೈ ಎತ್ತಿ ತಲೆಯ ಮೇಲಿದ್ದ ಬಿಸಿಲು ಹಲಗೆಯನ್ನು ಕೆಳಗೆ ಎಳೆದ.

"ಬೆಳಿಗ್ಗೆ ಹೋಗೋವಾಗ ಮೂಡಲಕ್ಕೆ ಮುಖ, ಸಂಜೆ ಬರೋವಾಗ ಪಡುವಲಕ್ಕೆ. ಹನ್ನೊಂದು ವರ್ಷ ಆತು ಸಾರ್, ಹೊತ್ತಿನ ಎದುರಿಗೇ ಗಾಡಿ ಹೊಡೆಯೋದು" ಎಂದ. "ಇಲ್ಲಿ ಒಂದು ಹಲಗೆ ಐತೆ. ಗೋಲಿಗೆ ಯಾರೂ ಹಲಗೆ ಕೊಟ್ಟಿಲ್ಲ."

ಒಂದೆರಡು ಮೈಲಿ ಹೋದ ಮೇಲೆ ಅವನೇ ಮತ್ತೆ ಮಾತು ತೆಗೆದ.

"ಮನೆಯೋಳಿಗೆ ಮ್ಯಾಚ್ ನೋಡಿದ್ದೆ ಅಂದ್ರಂತೆ. ನಾನು ಗೋಲಿನಾಗೆ ನಿಂತು ಕಟ್ಟೆ ಮೇಲೆ ಎಲ್ಲಾ ನೋಡಿದ್ದೆ, ಮೊದ್ಲನೇ ಹಾಫ್‌ನಾಗೆ. ನೀವು ಕಾಣ್ಲಿಲ್ಲ. ನನ್ನ ಕಣ್ಣಿಗೇ ಏನಾರ ಆಗಿತ್ತಾ ಸಾರ್, ನೀವು ಎಲ್ಲಿ ಕುಂತಿದ್ರಿ?"

ಹಿಂದಿನ ಸೀಟಿನವರು ಮಾತು ನಿಲ್ಲಿಸಿದ್ದರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರೂ ನಿಂತಿದ್ದ.

"ನಿನ್ನ ಕಣ್ಣಿಗೆ ಏನೂ ಆಗಿಲ್ಲಪ್ಪ" ಎಂದೆ. "ನಾ ಬಂದೇ ಇರ್ಲಿಲ್ಲ. ಹೊಸಹಳ್ಳ್ಯಾಗ ಹೋಳಿಗಿ ಉಂಡು ಮಲಗಿದ್ದೆ."

ಹಿಂದಿನಿಂದ ಯಾರೋ "ಎಷ್ಟು ಹೋಳಿಗೆ ಸಾರ್?" ಎಂದರು. ಇಡೀ ಬಸ್ಸು ನಕ್ಕಿತು. ಕಂಡಕ್ಟರು ಕಂಬ ಹಿಡಿದುಕೊಂಡು ನಕ್ಕ, ತಲೆಯ ಮೇಲಿನ ಕಂಬಿಗೆ ಜೋತುಬಿದ್ದವರೂ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಆ ಬಸ್ಸಿನಲ್ಲಿ ನಗದೆ ಇದ್ದವನು ಮೈಲಾರಪ್ಪನೊಬ್ಬನೇ. ಅವನು ರಸ್ತೆ ನೋಡುತ್ತಿದ್ದ.